ಪ್ರಸ್ಥಾನದ ಗಂಟು

ನನ್ನ ಕಾಲಿನಲ್ಲಿ ಚಕ್ರವಿದೆ ಎಂದು ನಮ್ಮಮ್ಮ ಬೈಯುತ್ತಿದ್ದಳು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳ ಕಾಲಿನಲ್ಲಿ ಇನ್ನೇನಿರುತ್ತದೆ, ಬೇರು ಇರುತ್ತದೆಯೇ? ಅಪ್ಪ ಗೂಡ್ಸ್ ಗಾಡಿಯ ಗಾರ್ಡು. ನಾನು ಎಣಿಸಲು ಕಲಿತದ್ದು ಕಿಟಕಿಯಾಚೆ ಹಾದುಹೋಗುವ ವ್ಯಾಗನ್ನುಗಳನ್ನು ನೋಡಿ. ಮನೆಯಲ್ಲಿ ಕಥೆ ಪುಸ್ತಕ ಒಂದೂ ಇರಲಿಲ್ಲ. ಹೊಸ ಟೈಂ ಟೇಬಲ್ ಬಂದಾಗಲೆಲ್ಲ ಅಪ್ಪ ಹಳೆಯದನ್ನು ನನಗೆ ಕೊಡುತ್ತಿದ್ದ. ಅದನ್ನೇ ಎದುರಿಗಿಟ್ಟುಕೊಂಡು ಬೋರಲು ಮಲಗಿ ಓದುತ್ತಿದ್ದೆ. ಯಾವ ಗಾಡಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ಇಳಿದು ಎಲ್ಲಿ ಹತ್ತಬೇಕು, ಎಲ್ಲ ಬಾಯಿಪಾಠ. ಹುಬ್ಬಳ್ಳಿ ದಾಟಿ ಒಮ್ಮೆಯೂ ಹೋಗಿರಲಿಲ್ಲ, ಅದು ಬೇರೆ ಮಾತು.

ಇಂಥವಳನ್ನು ಶೆಟ್ಟಿಕೆರೆ ಕಡೆಯ ಒಂದು ತೆಂಗಿನ ತೋಟದ ಮನೆಗೆ ಕೊಟ್ಟರು. ಒಳ್ಳೆಯ ಮನೆ, ಒಳ್ಳೆಯ ಜನ. ಹೆಸರಿಟ್ಟು ದೂರುವಂಥದ್ದು ಏನೂ ಇರಲಿಲ್ಲ. ಆದರೆ ದೇವರೇ, ಅಲ್ಲಿ ಏನೂ ಅಲುಗಾಡುತ್ತಿರಲಿಲ್ಲ! ತೋಟದ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಸುಮ್ಮನೆ ಕೂರುವ ಜನ ಅವರು. ಹನ್ನೊಂದು ತಿಂಗಳು, ಒಂದೊಂದು ಸಲ ವರ್ಷ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಿಟ ಗಿಟ ಅನ್ನಬೇಕು. ಆಗ ಅದು ಗಿಟುಕು, ಅಂದರೆ ಉಂಡೆ ಕೊಬ್ಬರಿ. ಅಲ್ಲಿಯವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ. ಆ ಮನೆಯಲ್ಲಿ ಎಲ್ಲದಕ್ಕೂ ಇದೇ ಅಳತೆ. ಗೋಡೆಗೆ ಸುಣ್ಣ ಹೊಡೆಸೋಣವೇ ಎಂದರೆ "ಇರ್ಲಿ ಬುಡು, ಗಿಟುಕಾಗ್ಲಿ." ಹಸು ಮಾರೋಣವೇ ಎಂದರೆ "ಗಿಟುಕಾಗ್ಲಿ ತಡಿ." ನನ್ನ ಗಂಡನಂತೂ ಬೆಳಿಗ್ಗೆ ಕೇಳಿದ ಪ್ರಶ್ನೆಗೆ ಸಂಜೆ ಉತ್ತರ ಕೊಡುವ ಆಸಾಮಿ. ಅಷ್ಟರಲ್ಲಿ ನಾನು ಪ್ರಶ್ನೆಯನ್ನೇ ಮರೆತಿರುತ್ತಿದ್ದೆ.

ಮದುವೆಯಾದ ಹೊಸದರಲ್ಲಿ ಅವರು, "ನಿಂಗೆ ಏನು ಬೇಕು ಹೇಳೇ" ಎಂದು ಕೇಳಿದರು. ಸೀರೆಯನ್ನೋ ಓಲೆಯನ್ನೋ ಕೇಳುತ್ತಾಳೆ ಎಂದುಕೊಂಡಿರಬೇಕು.

"ರೈಲಿನಲ್ಲಿ ಫಾರಿನ್ನಿಗೆ ಹೋಗ್ಬೇಕು" ಎಂದೆ.

"ರೈಲಿನಾಗೆ ಫಾರಿನ್ನಾ? ಮಧ್ಯದಾಗೆ ಸಮುದ್ರ ಇರ್ತದಲ್ಲೇ?"

ನಾನು ಉಸಿರು ಬಿಡದೆ ಹೇಳಿದೆ. ರಾಮೇಶ್ವರದವರೆಗೆ ರೈಲು. ಅಲ್ಲಿಂದ ಕೆಲವು ಗಂಟೆ ಹಡಗು. ಆಚೆ ದಡದಲ್ಲಿ ಹಡಗುಕಟ್ಟೆಯ ಮಗ್ಗುಲಿಗೇ ಇನ್ನೊಂದು ರೈಲು ಕಾಯುತ್ತಾ ನಿಂತಿರುತ್ತದೆ. ಇಳಿದು ಹತ್ತಿದರೆ ಸಿಲೋನು. ಹೆಸರು ಬದಲಾಗಿ ಆಗಲೇ ವರ್ಷಗಳಾಗಿದ್ದವು, ಆದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಅದಿನ್ನೂ ಸಿಲೋನೇ. ಅವರು ಪೂರ್ತಿ ಕೇಳಿ, "ಆಗ್ಲಿ, ನೋಡೋಣ" ಎಂದರು.

ಆ "ನೋಡೋಣ" ಗಿಟುಕಾಗಲು ಏಳು ವರ್ಷ ಹಿಡಿಯಿತು. ಮಗಳು ಹುಟ್ಟಿ, ನಡೆದು, ಸ್ಕೂಲಿಗೆ ಸೇರಿದಳು. ಕೊನೆಗೆ ಅವರನ್ನು ಅಲುಗಾಡಿಸಿದ್ದು ನಾನಲ್ಲ, ತಿಪಟೂರಿನ ಕೊಬ್ಬರಿ ಸಂತೆಯಲ್ಲಿ ಯಾರೋ ಆಡಿದ ಒಂದು ಮಾತು. ಸಿಲೋನಿನಲ್ಲಿ ಕಾಯಿ ಒಡೆದು ಹೊಗೆಯ ಮೇಲೆ ಒಣಗಿಸಿ ನಾಲ್ಕೈದು ದಿನಕ್ಕೇ ಕೊಬ್ಬರಿ ಮಾಡುತ್ತಾರಂತೆ.

"ನಾಲ್ಕೈದು ದಿನಕ್ಕೆ ಕೊಬ್ಬರಿ! ಶುದ್ಧ ಸುಳ್ಳು ಕಣೇ" ಎಂದು ಊಟದ ತಟ್ಟೆಯ ಮುಂದೆ ಕೂತು ತಲೆ ಕೊಡವಿದರು. ಎರಡು ತುತ್ತು ತಿಂದು, "ಹೋಗಿ ಕಣ್ಣಾರೆ ನೋಡ್ಲೇಬೇಕು" ಎಂದರು. ನಾನು ಸಾರಿನ ಸೌಟು ಹಿಡಿದುಕೊಂಡೇ ಅಡುಗೆಮನೆಗೆ ಓಡಿ ಒಬ್ಬಳೇ ನಕ್ಕೆ.

ಊರಿಗೆಲ್ಲ ಸುದ್ದಿಯಾಯಿತು. ಕಂಡಕಂಡವರೆಲ್ಲ ಕಾಲೆಳೆದರು. "ಸೀತಮ್ಮನ್ನ ರಾವಣ ಹೊತ್ಕೊಂಡು ಹೋಗಿದ್ದ, ನೀವು ಕೈಯಿಂದ ಕಾಸು ಹಾಕ್ಕೊಂಡು ಹೊಂಟಿದ್ದೀರಲ್ರವ್ವ!" ಎಂದು ಒಬ್ಬರು. "ಹನುಮಂತ ಹಾರ್ಕೊಂಡು ಹೋದ, ಇವ್ರು ರೈಲಿನಾಗೆ ಹೋಯ್ತಾರಂತೆ ಕಣ್ಲಾ" ಎಂದು ಇನ್ನೊಬ್ಬರು. ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸಿನವರು ಎಳನೀರು ಕುಡಿದು, "ಯಾಕೆ ಹೋಗ್ತಿದ್ದೀರಿ ಅಂತ ಬರ್ಕೊಳ್ಳಲಮ್ಮ?" ಎಂದು ಕೇಳಿದರು. "ರೈಲು ನೋಡೋಕೆ" ಎಂದೆ. ಅವರು ನನ್ನ ಮುಖವನ್ನೇ ನೋಡಿ, "ತೀರ್ಥಯಾತ್ರೆ ಅಂತ ಹಾಕ್ತೀನಿ ಬಿಡಿ" ಎಂದು ಬರೆದುಕೊಂಡು ಹೋದರು.

ಅಪ್ಪ ತನ್ನ ಸ್ನೇಹಿತರೊಬ್ಬರ ಕಡೆಯಿಂದ ಸಿಲೋನಿನ ರೈಲುಗಳ ಸಮಯದ ಪಟ್ಟಿ ತರಿಸಿ ಕಳಿಸಿದ. ಕೈಗೆ ಬಂದ ದಿನ ನನಗೆ ಅನ್ನ ಸೇರಲಿಲ್ಲ. ಅವತ್ತಿನಿಂದ ಊಟವಾದ ಮೇಲೆ ನಡುಮಧ್ಯಾಹ್ನ ಜಗಲಿಯಲ್ಲಿ ಕೂತು ಮಗಳ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆಯುವುದೇ ಕೆಲಸ. ತಿಪಟೂರು, ಬೆಂಗಳೂರು, ಮದ್ರಾಸು, ರಾಮೇಶ್ವರ. ಹಡಗು. ಆಚೆ ದಡದ ತಲೈಮನ್ನಾರ್, ಆಮೇಲೆ ಅನುರಾಧಪುರ, ಕ್ಯಾಂಡಿ, ಕೊಲಂಬೊ, ಕೊನೆಗೆ ಸಮುದ್ರದ ಪಕ್ಕದಲ್ಲೇ ಓಡುವ ರೈಲಿನಲ್ಲಿ ಗಾಲ್. ಬರೆಯುವುದು, ಹೊಡೆದು ಹಾಕುವುದು, ಮತ್ತೆ ಬರೆಯುವುದು. ಕ್ಯಾಂಡಿಯಲ್ಲಿ ಎರಡು ದಿನವೋ ಮೂರು ದಿನವೋ ಎಂದು ನನ್ನೊಡನೆ ನಾನೇ ಜಗಳವಾಡುತ್ತಿದ್ದೆ. ಕುಂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಅನ್ನಿಸುವ ದಿನಗಳು ಅವು. ಬಿಸಿಲು ರವರವ ಅನ್ನುತ್ತಿದ್ದರೆ ತೋಟದ ಗರಿಯೊಂದೂ ಆಡುತ್ತಿರಲಿಲ್ಲ, ನನ್ನ ಎದೆಯೊಳಗೆ ಮಾತ್ರ ಎಂಜಿನ್ನು ಸದಾ ಹೊರಡಲು ಸಿದ್ಧ.

ನನ್ನ ಎದುರಿಗೆ ಅತ್ತೆ ಕೂರುತ್ತಿದ್ದರು. ಮಾವ ನಾನು ಬರುವ ಮೊದಲೇ ಹೋಗಿಬಿಟ್ಟಿದ್ದರು. ಮನೆ, ತೋಟ, ಹಟ್ಟಿಯೆಲ್ಲ ಅತ್ತೆಯ ಕೈಯಲ್ಲೇ ನಡೆದು ಬಂದದ್ದು. ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಾ, ತಲೆ ಎತ್ತದೆ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಈಗ ಎಲ್ಲಿಗೆ ಬಂದ್ವಿ?"

"ಅನುರಾಧಪುರ, ಅತ್ತೆ."

"ಅಲ್ಲಿ ಎಷ್ಟೊತ್ತು ನಿಲ್ತದೆ?"

"ಇಪ್ಪತ್ತು ನಿಮಿಷ."

"ಅಷ್ಟರಾಗೆ ರೊಟ್ಟಿ ತಿನ್ನಕ್ಕಾಗಲ್ಲ. ಹುರಿಹಿಟ್ಟು ಕಲಸ್ಕೋಬೋದು." ಒಂದೊಂದು ಸ್ಟೇಷನ್ನಿಗೂ ಒಂದೊಂದು ತಿಂಡಿ ಗೊತ್ತು ಮಾಡಿದ್ದರು. ನಿಪ್ಪಟ್ಟು ಹಡಗಿಗೆ, ಚಟ್ನಿಪುಡಿ ಎಲ್ಲ ಕಡೆಗೂ.

ಕ್ಯಾಂಡಿಗೆ ಹೋಗಲು ಪೊಲ್ಗಹವೆಲ ಎಂಬ ಜಂಕ್ಷನ್ನಿನಲ್ಲಿ ಗಾಡಿ ಬದಲಾಯಿಸಬೇಕು. ಅವರ ಭಾಷೆಯಲ್ಲಿ 'ಪೊಲ್' ಅಂದರೆ ತೆಂಗು, ಆ ಊರಿನ ಹೆಸರೇ ತೆಂಗಿನಮರದ ಬಯಲು ಎಂದು ಅಪ್ಪನ ಸ್ನೇಹಿತರು ಪಟ್ಟಿಯ ಅಂಚಿನಲ್ಲಿ ಬರೆದಿದ್ದರು. ಅದನ್ನು ಓದಿ ಹೇಳಿದೆ. ಅತ್ತೆ ಗರಿ ಪಕ್ಕಕ್ಕಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಶಿವನೇ! ತೆಂಗಿನಮರ ನೋಡಕ್ಕೆ ಸಮುದ್ರ ದಾಟಬೇಕೇನೇ? ಹಿತ್ಲಿಗೆ ಹೋಗು, ಅಲ್ಲೇ ಐತೆ ನಿನ್ನ ಪೊಲ್ಗಾವಲ!" ಅಂದಿನಿಂದ ಹಿತ್ತಿಲಿಗೆ ಹೋಗುವಾಗಲೆಲ್ಲ "ಪೊಲ್ಗಾವಲಕ್ಕೆ ಹೋಗ್ಬತ್ತೀನಿ" ಎನ್ನುತ್ತಿದ್ದರು.

ಇನ್ನೊಂದು ಮಧ್ಯಾಹ್ನ, "ಆ ಪುಸ್ತಕಕ್ಕೆ ಫೋಟೋ ಹೆಂಗೆ ತೆಗೀತಾರೆ?" ಎಂದು ಕೇಳಿದರು. ಪುಸ್ತಕ ಎಂದರೆ ಪಾಸ್‌ಪೋರ್ಟು. "ಕಿವಿ ಕಾಣೋ ಹಂಗೆ ತೆಗೀತಾರೆ, ಸೆರಗು ಸರಿಸಬೇಕು" ಎಂದೆ. "ನನ್ನ ಕಿವಿ ಓಲೆ ಭಾರಕ್ಕೆ ಜೋತುಬಿದ್ದೈತೆ" ಎಂದು ನಕ್ಕರು. ನಾನು ಗಾಲ್‌ನಿಂದ ವಾಪಸು ಬರುವ ಗಾಡಿ ಹುಡುಕುತ್ತಿದ್ದೆ. ಆ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಹಡಗು ವಾರದಲ್ಲಿ ಕೆಲವೇ ದಿನ. ಲೆಕ್ಕ ಹಾಕಿದರೆ ನಾವು ತಿಪಟೂರಿನಿಂದ ಗುರುವಾರ ಬೆಳಗಿನ ಗಾಡಿಗೇ ಹೊರಡಬೇಕು. ಅತ್ತೆ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟರು.

"ಗುರುವಾರ ದಕ್ಷಿಣಕ್ಕೆ ಶೂಲೆ ಕಣಮ್ಮ. ಹೊರಡಬಾರ್ದು."

"ರೈಲಿಗೆ ಶೂಲೆ ಇಲ್ಲ ಅತ್ತೆ! ದಿನಾ ಹೋಗುತ್ತೆ, ಗುರುವಾರಾನೂ ಹೋಗುತ್ತೆ. ಶೂಲೆ ಅಂತ ನಮ್ಮಪ್ಪ ಯಾವತ್ತಾದ್ರೂ ಹಸಿರು ಬಾವುಟ ಮಡಚಿ ಇಟ್ಕೊಂಡಿದ್ನಾ?"

"ಕೂಗ್ಬೇಡ. ಬುಧವಾರ ಪರಸ್ತಾನ ಇಟ್ರಾಯ್ತು."

ಪ್ರಸ್ಥಾನ ಇಡುವುದೆಂದರೆ ನಮ್ಮ ಕಡೆ ಹೀಗೆ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಒಳ್ಳೆಯ ದಿನ ನೋಡಿ ಸಾಮಾನಿನ ಒಂದು ಗಂಟನ್ನು ಹೋಗುವ ದಾರಿಯಲ್ಲಿರುವ ಬೇರೆಯವರ ಮನೆಯಲ್ಲಿ ಮೊದಲೇ ಇಟ್ಟುಬರುವುದು. ಗಂಟು ಹೊಸ್ತಿಲು ದಾಟಿತೆಂದರೆ ಪ್ರಯಾಣ ಶುರುವಾದಂತೆ. ಆಮೇಲೆ ನೀವು ಯಾವ ದಿನ ಹೊರಟರೂ ದೋಷವಿಲ್ಲ, ಹೋಗುವಾಗ ಗಂಟು ಎತ್ತಿಕೊಂಡು ಹೋದರಾಯಿತು. ಒಂದೇ ನಿಯಮ, ಗಂಟನ್ನು ಮನೆಗೆ ವಾಪಸು ತರಬಾರದು. ತಂದರೆ ಪ್ರಯಾಣ ಮುರಿದಂತೆ. ಇಷ್ಟಕ್ಕೆ ಮುಗಿಯುವುದಾದರೆ ಏನು ಕಷ್ಟ ಎಂದು ಒಪ್ಪಿದೆ. ಮಗಳನ್ನು ಬೇಸಿಗೆ ರಜೆಗೆ ಅರಸೀಕೆರೆಗೆ ಕಳಿಸಿಯಾಗಿತ್ತು.

ಬುಧವಾರ ನಾನು ಟ್ರಂಕು ತುಂಬುವುದರಲ್ಲಿ ಮುಳುಗಿದ್ದೆ. ಅತ್ತೆ ತಾವೇ ಬಿಳಿ ಪಂಚೆಯ ಮೂಲೆಗೆ ಅರಿಶಿನ ಹಚ್ಚಿ, ಗಂಟು ಕಟ್ಟಿ, ಬಸ್ಸು ನಿಲ್ಲುವ ಜಾಗದ ಪಕ್ಕದ ಮನೆಗೆ ಒಯ್ದು ಇಟ್ಟುಬಂದರು. ಆ ಮನೆಯ ಅಕ್ಕ ಅತ್ತೆಗೆ ಬಹಳ ಬೇಕಾದವರು. ಗಂಟಿನೊಳಗೆ ಏನಿದೆ ಎಂದು ನಾನು ಕೇಳಲೇ ಇಲ್ಲ. ಎಲೆ ಅಡಿಕೆ, ಒಂದು ಹಿಡಿ ಅಕ್ಕಿ, ಇನ್ನೇನಿರುತ್ತದೆ?

ಗುರುವಾರ ಬೆಳಿಗ್ಗೆ ಸೀರೆ ಉಟ್ಟು, ಕೊನೆಯ ಸಲ ನೋಡಿಬಿಡೋಣ ಎಂದು ಟ್ರಂಕು ತೆಗೆದರೆ ಪಾಸ್‌ಪೋರ್ಟುಗಳಿಲ್ಲ. ಬಟ್ಟೆಯೆಲ್ಲ ಕಿತ್ತು ಎಸೆದೆ. ಗಂಡನ ಮೇಲೆ ಹಾರಿದೆ. ಅವರು ನಿಧಾನವಾಗಿ ತಮ್ಮ ಜೇಬುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಹಟ್ಟಿಯಿಂದ ಬಂದ ಅತ್ತೆ, "ಏನು ಹುಡುಕ್ತಿದ್ದೀಯೇ? ಆ ಕರೀ ರಟ್ಟಿನ ಪುಸ್ತಕಗಳಾ? ಅವನ್ನ ಪರಸ್ತಾನದ ಗಂಟ್ನಾಗೆ ಇಟ್ಟಿದ್ದೀನಲ್ಲ" ಎಂದರು.

"ಯಾಕೆ ಅತ್ತೆ?" ಎಂದೆ.

"ಯಾವ್ದಿಲ್ದೆ ಪಯಣ ನಡೆಯಲ್ವೋ ಅದನ್ನೇ ಇಡಬೇಕು ಕಣಮ್ಮ. ಈ ಪುಸ್ತಕ ಇಲ್ದಿದ್ರೆ ಹಡಗು ಹತ್ತಿಸಲ್ಲ ಅಂತ ನೀನೇ ನೂರು ಸಲ ಹೇಳಿದ್ಯಲ್ಲ."

ಹೇಳಿದ್ದೆ. ನೂರಲ್ಲ, ಸಾವಿರ ಸಲ ಹೇಳಿದ್ದೆ. ಸರಿ, ಹೇಗೂ ದಾರಿಯಲ್ಲೇ ಇರುವ ಮನೆ ಎಂದು ಟ್ರಂಕು ಹೊರಿಸಿಕೊಂಡು ಓಡಿದೆವು. ಹೋಗಿ ನೋಡಿದರೆ ಬಾಗಿಲಿಗೆ ಅಂಗೈ ಅಗಲದ ಬೀಗ. ದಬ್ಬೇಘಟ್ಟದಲ್ಲಿ ಅಕ್ಕನ ಅಣ್ಣ ತೀರಿಕೊಂಡರೆಂದು ಸುದ್ದಿ ಬಂದು, ಮೊದಲನೇ ಬಸ್ಸಿಗೇ ಮನೆಮಂದಿಯೆಲ್ಲ ಹೊರಟುಹೋಗಿದ್ದರು.

ತಿಪಟೂರಿನ ಬಸ್ಸು ಬಂತು. ಕಂಡಕ್ಟರು ಗುರುತಿನವರು, "ಬೇಗ ಹತ್ರವ್ವ" ಎಂದು ಎರಡು ನಿಮಿಷ ನಿಲ್ಲಿಸಿದರು. ನಾನು ಕಲ್ಲೊಂದನ್ನು ಎತ್ತಿಕೊಂಡು ಬೀಗದ ಕಡೆ ನಡೆದೆ. ಗಂಡ ನನ್ನ ಮಣಿಕಟ್ಟು ಹಿಡಿದರು. ಮದುವೆಯಾದ ಮೇಲೆ ಅವರು ಅಷ್ಟು ಬೇಗ ಮಾಡಿದ ಕೆಲಸ ಅದೊಂದೇ.

"ಸಾವಿಗೆ ಹೋದೋರ ಮನೆ ಬೀಗ ಒಡೆಯಕ್ಕಾಗ್ತದೇನೇ? ಕಲ್ಲು ಬುಡು."

ಬಸ್ಸು ಹೋಯಿತು. ಅದರ ಹಿಂದೆ ಎದ್ದ ಧೂಳು ಇಳಿಯುವವರೆಗೂ ನೋಡಿದೆ. ಆಮೇಲೆ ತಿರುಗಿದೆ. ಬೀಳ್ಕೊಡಲು ಬಂದಿದ್ದ ಅತ್ತೆ ರಸ್ತೆಯ ಬದಿಯಲ್ಲಿ ಬುತ್ತಿಯ ಚೀಲ ಹಿಡಿದು ನಿಂತಿದ್ದರು. ನಾಲ್ಕು ಜನರೆದುರು ನಾನು ಆಡಿದ ಮಾತು ಇವತ್ತಿಗೂ ನನ್ನ ನಾಲಿಗೆಯ ಮೇಲೆ ಕಹಿಯಾಗಿ ಉಳಿದಿದೆ.

"ನೀವಂತೂ ಎಲ್ಲಿಗೂ ಹೋಗೋರಲ್ಲ. ಬಾವಿಯೊಳಗಿನ ಕಪ್ಪೆ ನೀವು! ಹೋಗೋರ ಕಾಲಿಗೂ ಹಗ್ಗ ಕಟ್ತೀರಲ್ಲ, ನಿಮಗೇನು ಬಂದಿತ್ತು?"

ಅತ್ತೆ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮನೆಯ ಕಡೆ ನಡೆದರು.

ಮರುದಿನ ಸಂಜೆ ಅಕ್ಕ ಬಂದು ಬೀಗ ತೆಗೆದರು. ನಾನೇ ಹೋದೆ. "ಗಂಟು ಮನೆಗೆ ತರಬೇಡ ಕಣಮ್ಮ, ಅಲ್ಲೇ ಇರ್ಲಿ" ಎಂದಿಷ್ಟೇ ಅತ್ತೆ ಹಿಂದಿನಿಂದ ಹೇಳಿದ್ದು. ಗಂಟಿನ ಒಂದು ಕೊನೆ ಸಡಿಲಿಸಿ ಕೈ ತೂರಿಸಿದೆ. ಮೇಲೆಯೇ ಸಿಕ್ಕ ಎರಡು ಪುಸ್ತಕಗಳನ್ನು ಎಳೆದುಕೊಂಡು, ಒಳಗೆ ಇನ್ನೇನಿದೆ ಎಂದು ಕೂಡ ನೋಡದೆ ಬಂದುಬಿಟ್ಟೆ.

ಗಂಡ ಹೇಳಿದರು, "ಮುಂದಿನ ಹಡಗಿಗೆ ಹೋಗೋಣ. ಎರಡು ದಿನ ತಡ ಆಯ್ತು, ಅಷ್ಟೇ ತಾನೆ?"

ನಿಜವಾಗಿ ಅಷ್ಟೇ. ಮದ್ರಾಸಿನ ಸೀಟು ಹೋಗಿದ್ದರೆ ನಿಂತುಕೊಂಡು ಹೋಗಬಹುದಿತ್ತು. ಆದರೆ ನನ್ನ ಸಿಟ್ಟು ನೆತ್ತಿಗೇರಿತ್ತು. "ನಂಗೆ ಬೇಡ ನಿಮ್ಮ ಸಿಲೋನು. ನಾನು ಬರಲ್ಲ" ಎಂದೆ. ಗೋಗರೆಯುತ್ತಾರೆ, ಸಮಾಧಾನ ಮಾಡುತ್ತಾರೆ ಎಂದು ಕಾದೆ. ಅವರು ನನ್ನನ್ನೇ ನೋಡಿ, "ಆಗ್ಲಿ" ಎಂದರು. ಆಡಿದ ಮಾತನ್ನು ಆಡಿದ ಹಾಗೇ ತೂಗುವ ಮನುಷ್ಯ! ನಾನು ಮೂರು ದಿನ ಕಾದೆ. ನಾಲ್ಕನೇ ದಿನ ಅವರು ಕಾಯಿ ಕೀಳಿಸಲು ತೋಟಕ್ಕೆ ಹೋದರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಊರೆಲ್ಲ "ರಾಮೇಶ್ವರಕ್ಕೆ ಹೋದ್ರೂ ಶನೀಶ್ವರ ಬಿಡ್ಲಿಲ್ಲ ಅಂತಾರೆ, ಇವ್ರು ರಾಮೇಶ್ವರಕ್ಕೂ ಹೋಗ್ಲಿಲ್ಲ" ಎಂದು ನಕ್ಕಿತು. ಅತ್ತೆ ಗಂಟು ಕಟ್ಟಿ ನನ್ನ ಪ್ರಯಾಣ ಕೆಡಿಸಿದರು ಎಂದು ಅರಸೀಕೆರೆಗೆ ಕಾಗದ ಬರೆದೆ. ಕೆಡಿಸಿದವಳು ನಾನೇ ಎಂದು ಬರೆಯಲಿಲ್ಲ.

ಅವತ್ತಿನಿಂದ ಮಧ್ಯಾಹ್ನಗಳು ಮೂಕವಾದವು. ಅತ್ತೆ ಕೆಲಸದ ಮಾತೆಲ್ಲ ಆಡುತ್ತಿದ್ದರು, ಉಪ್ಪು ತಾ, ಹಸು ಕಟ್ಟು, ಎಲ್ಲ ಮೊದಲಿನಂತೆಯೇ. "ಎಲ್ಲಿಗೆ ಬಂದ್ವಿ" ಎಂದು ಮಾತ್ರ ಕೇಳಲಿಲ್ಲ. ಹಿತ್ತಿಲಿಗೆ ಹೋಗುವಾಗ ಪೊಲ್ಗಾವಲ ಅನ್ನಲಿಲ್ಲ. ನಾನೇ ಒಂದು ದಿನ ನೋಟ್‌ಬುಕ್ ತೆಗೆದು ಅವರೆದುರು ಬೇಕೆಂದೇ ಹಾಳೆ ತಿರುವಿದೆ. ಅವರು ಗರಿ ಎತ್ತಿಕೊಂಡು ಹಟ್ಟಿಯ ಕಡೆಗೆ ಹೋಗಿ ಕೂತರು. ಕ್ಷಮೆ ಕೇಳಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ, ದಿನವೂ ನಾಳೆಗೆ ಮುಂದೂಡುತ್ತಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ? ಕೈಗೆ ಕೆಲಸ ಬೇಕು ಎಂದು ಒಗೆದ ಬಟ್ಟೆಯನ್ನೇ ಒಗೆದೆ. ಕೋಳಿಗಳ ಮೇಲೆ ರೇಗಿದೆ. ಅಟ್ಟ ಹತ್ತಿ, ಇನ್ನೂ ಹಸಿಯಾಗಿದ್ದ ಕಾಯಿಗಳನ್ನು ಅಲ್ಲಾಡಿಸಿ ಅಲ್ಲಾಡಿಸಿ ನೋಡಿದೆ. ಒಳಗೆ ನೀರು ಕುಲುಕುತ್ತಿತ್ತು, ಗಿಟ ಅನ್ನುತ್ತಿರಲಿಲ್ಲ.

ಮಳೆಗಾಲದಲ್ಲಿ ಆ ದೇಶದಲ್ಲಿ ದೊಡ್ಡ ಗಲಭೆಯಾಯಿತೆಂದು ಪೇಪರಿನಲ್ಲಿ ಬಂತು. ನಾವು ತಿಂಡಿಗೆಂದು ಲೆಕ್ಕ ಹಾಕಿದ್ದ ಊರುಗಳ ಹೆಸರು ಸಾವಿನ ಸುದ್ದಿಯಲ್ಲಿ ಬಂದಾಗ ಪೇಪರು ಮಡಚಿಟ್ಟೆ. ಅಲ್ಲಿ ಮನೆಮಠ ಕಳೆದುಕೊಂಡವರಿದ್ದಾರೆ, ಇಲ್ಲಿ ನಾನು ಹೋಗಲಾಗಲಿಲ್ಲವೆಂದು ಅಳುತ್ತಿದ್ದೇನೆ ಎಂದು ನಾಚಿಕೆಯಾಯಿತು. ಆದರೂ ಒಳಗಿನ ಕುದಿ ಆರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. "ಬರೋ ಬ್ಯಾಸಗೆಗೆ ಎಲ್ಲ ಸರಿ ಹೋಯ್ತದೆ, ಹೋಗೋಣ" ಎಂದರು ಗಂಡ. ಬೇಸಿಗೆ ಬಂತು. ಜೊತೆಗೆ ಅಪ್ಪನ ಕಾರ್ಡೂ ಬಂತು. ಎರಡೇ ಸಾಲು. ಹಡಗು ನಿಂತಿದೆ, ಮತ್ತೆ ಯಾವಾಗ ಬಿಡುತ್ತಾರೋ ಯಾರಿಗೂ ಗೊತ್ತಿಲ್ಲ.

ಆ ವಾರವೇ ಬಸ್ಸು ನಿಲ್ಲುವ ಜಾಗದ ಮನೆಯ ಅಕ್ಕ ನನ್ನನ್ನು ಕೂಗಿದರು. ಮನೆಗೆ ಸುಣ್ಣ ಹೊಡೆಸುತ್ತಿದ್ದರು, ಸಾಮಾನೆಲ್ಲ ಅಂಗಳದಲ್ಲಿತ್ತು. "ಹೋದ ವರ್ಷ ನಿಮ್ಮತ್ತೆ ಇಟ್ಟ ಗಂಟು ಕಣ್ರವ್ವ. ಎಷ್ಟು ಸಲ ಹೇಳಿದ್ರೂ ತಗೊಂಡು ಹೋಗ್ಲಿಲ್ಲ. 'ಇರ್ಲಿ ಬುಡು, ಹೊರಟು ಆಗೈತೆ, ಇನ್ನೂ ತಲುಪಿಲ್ಲ ಅಷ್ಟೇಯ' ಅಂತಾರೆ. ನೀವಾದ್ರೂ ನೋಡಿ" ಎಂದರು.

ಅಂಗಳದ ಕಲ್ಲಿನ ಮೇಲೆ ಕೂತು ಗಂಟು ಬಿಚ್ಚಿದೆ. ಸಿಪ್ಪೆ ಸುಲಿಯದ ಒಂದು ತೆಂಗಿನಕಾಯಿ. ವಿಭೂತಿಯ ಒಂದು ಗಟ್ಟಿ. ಅದರ ಕೆಳಗೆ ಅತ್ತೆ ಮದುವೆಮನೆಗಳಿಗೆಂದೇ ಇಟ್ಟುಕೊಂಡಿದ್ದ ಸಾಸಿವೆ ಬಣ್ಣದ ಸೀರೆ, ನಾಲ್ಕು ಮಡಿಕೆ ಮಾಡಿ. ಸೀರೆಯ ಮಡಿಕೆಯೊಳಗೆ ತಿಪಟೂರಿನ ಸ್ಟುಡಿಯೋದ ಒಂದು ಕವರು. ತೆಗೆದರೆ ಮೂರು ಫೋಟೋ. ಮೂರರಲ್ಲೂ ಅತ್ತೆ. ಸೆರಗು ಹಿಂದಕ್ಕೆ ಸರಿಸಿ, ಜೋತುಬಿದ್ದ ಎರಡು ಕಿವಿಯೂ ಕಾಣುವ ಹಾಗೆ, ಉಸಿರು ಬಿಗಿಹಿಡಿದು ಕೂತಿದ್ದರು.

"ಇದೇನಕ್ಕ?"

"ನಾನೇ ಕರ್ಕೊಂಡು ಹೋಗಿ ತೆಗೆಸಿದ್ದು. ನಿಮಗೆ ಹೇಳಬೇಡ ಅಂದಿದ್ರು, ಹೊರಡೋ ದಿನಾನೇ ತೋರಿಸ್ತೀನಿ ಅಂತ. ಎರಡು ಪುಸ್ತಕ ಬಂದವಲ್ಲ, ಅದರಾಗೆ ಒಂದು ಮನೆ ಗಂಡಸರಿಗೆ, ಒಂದು ಹೆಂಗಸರಿಗೆ ಅಂದ್ಕೊಂಡಿದ್ರು. ರೇಷನ್ ಕಾರ್ಡ್ನಂಗೆ. ಸೊಸೆ ಪುಸ್ತಕದಾಗೆ ನಂದೂ ಒಂದು ಫೋಟೋ ಅಂಟಿಸಿದ್ರೆ ಆಯ್ತು, ನಾನೂ ಹಡಗು ಹತ್ತಬೋದು ಅಂತಿದ್ರು."

ಎರಡು ತಿಂಗಳು ದಿನವೂ ಅತ್ತೆ ನನ್ನ ಎದುರಿಗೆ ಕೂತು "ಎಲ್ಲಿಗೆ ಬಂದ್ವಿ" ಎಂದು ಕೇಳಿದ್ದರು. ಎಲ್ಲಿಗೆ ಬಂದೆ ಎಂದಲ್ಲ, ಬಂದ್ವಿ ಎಂದು. ಅಷ್ಟು ಓದಿಕೊಂಡವಳು ನಾನು, ಇಡೀ ದಕ್ಷಿಣದ ರೈಲು ಬಾಯಿಪಾಠ, ಆ ಒಂದು ಮಾತಿನ ಕೊನೆಯ ಅಕ್ಷರ ಕೇಳಿಸಿಕೊಳ್ಳಲಾಗಲಿಲ್ಲ. ಅವತ್ತು ರಸ್ತೆ ಬದಿಯಲ್ಲಿ ಅವರು ಬೀಳ್ಕೊಡಲು ಬಂದಿರಲಿಲ್ಲ, ಹೊರಡಲು ಬಂದಿದ್ದರು. ಅಂಥವರಿಗೆ ನೀವು ಎಲ್ಲಿಗೂ ಹೋಗೋರಲ್ಲ ಎಂದಿದ್ದೆ. ಸುಣ್ಣದ ಬಕೆಟ್ಟಿನ ಪಕ್ಕ ಕೂತು ಜೋರಾಗಿಯೇ ಅತ್ತುಬಿಟ್ಟೆ.

ಗಂಟನ್ನು ಹೇಗಿತ್ತೋ ಹಾಗೇ ಕಟ್ಟಿ ಅಕ್ಕನ ಕೈಗೇ ಕೊಟ್ಟೆ. ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರು ಆ ಹೊತ್ತಿಗೇ, ಹೌದು, ಆ ಹೊತ್ತಿಗೇ, "ನೀವಿಬ್ರೂ ಹೋಗ್ಬನ್ನಿ. ರೈಲು ಹೋಗೋವರೆಗೆ ಹೋಗಿ" ಎಂದರು. ಆಮೇಲೆ ದನಿ ತಗ್ಗಿಸಿ, "ನಂಗೆ ಹಡಗು ಅಂದ್ರೆ ಸ್ವಲ್ಪ ಭಯಾನೇ ಇತ್ತು ಕಣೇ" ಎಂದರು. ಎಂಟು ವರ್ಷ ಬಚ್ಚಿಟ್ಟುಕೊಂಡಿದ್ದ ಗುಟ್ಟು!

ಅತ್ತೆ ಜಗಲಿಯಲ್ಲಿ ಕಡ್ಡಿ ತೆಗೆಯುತ್ತಿದ್ದರು.

"ಅತ್ತೆ, ರಾಮೇಶ್ವರಕ್ಕೆ ಹೋಗೋಣ ನಡೀರಿ. ಹಡಗಿಲ್ಲ. ಆದ್ರೆ ರೈಲಿದೆ."

ಅವರು ನನ್ನ ಮುಖ ನೋಡಿದರು. ನೋಡಿದ ಕೂಡಲೇ ಗಂಟು ಬಿಚ್ಚಿದ್ದೇನೆಂದು ಗೊತ್ತಾಯಿತು. "ಯಾವತ್ತು?" ಎಂದರು.

"ಗುರುವಾರಕ್ಕೆ ಸೀಟು ಸಿಗುತ್ತೆ." ಹೇಳಿ ನಾಲಿಗೆ ಕಚ್ಚಿಕೊಂಡೆ.

ಅತ್ತೆ ಒಂದು ಗರಿಯನ್ನು ಪೂರ್ತಿ ಸೀಳಿ ಮುಗಿಸಿದರು. "ಪರಸ್ತಾನ ಇಟ್ಟು ವರ್ಷ ಆಗೈತಲ್ಲ. ಯಾವ ಶೂಲೆ? ಬುಡು" ಎಂದರು.

ಹೀಗೆ ಹೊರಟೆವು. ಅಕ್ಕ ಬಾಗಿಲಲ್ಲೇ ನಿಂತು ಗಂಟು ಕೊಟ್ಟರು. ತಿಪಟೂರಿನಲ್ಲಿ ಗಾಡಿ ಹತ್ತಿದಾಗ ಅತ್ತೆ ಕಿಟಕಿಯ ಸರಳು ಹಿಡಿದು ಕೂತರು, ಗಂಟು ತೊಡೆಯ ಮೇಲೆ. ಅರಸೀಕೆರೆಯ ಕಡೆಗೆ ಒಂದೆರಡು ಸಲ ರೈಲಿನಲ್ಲಿ ಹೋಗಿದ್ದರು, ಈ ಕಡೆಗೆ ಇದೇ ಮೊದಲು. ದೂರದಲ್ಲಿ ಸಿಮೆಂಟು ಫ್ಯಾಕ್ಟರಿಯ ಹೊಗೆ ಕಂಡಿತು, ಗಾಡಿ ನಿಧಾನವಾಯಿತು.

"ಈಗ ಎಲ್ಲಿಗೆ ಬಂದ್ವಿ?" ಎಂದು ಅತ್ತೆ ಕೇಳಿದರು.

"ಅಮ್ಮಸಂದ್ರ, ಅತ್ತೆ." ಅಷ್ಟು ಹೇಳಿ, ಕಣ್ಣಿಗೆ ಕಿಡಿ ಬಿತ್ತು ಎಂದು ಸೆರಗಿನಿಂದ ಒರೆಸಿಕೊಂಡೆ.

ಅಲ್ಲಿಂದ ಮುಂದೆ ಒಂದು ಸ್ಟೇಷನ್ನೂ ಬಿಡಲಿಲ್ಲ ಅವರು. ಪಾಂಬನ್ ಸೇತುವೆಯ ಮೇಲೆ, ಎರಡೂ ಕಡೆ ಬರಿಯ ನೀರಿನ ನಡುವೆ ರೈಲು ತೆವಳುವಾಗ ಮಾತ್ರ ನನ್ನ ಕೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದು, "ಮಾತಾಡ್ಬೇಡ, ಅದರ ಗ್ಯಾನ ತಪ್ಪುತ್ತೆ" ಎಂದರು. ಅದರ ಎಂದರೆ ರೈಲಿನ.

ರಾಮೇಶ್ವರದಲ್ಲಿ ದೇವರ ದರ್ಶನ ಮಾಡಿ ದಡಕ್ಕೆ ಹೋದೆವು. ಅತ್ತೆ ಸಾಸಿವೆ ಬಣ್ಣದ ಸೀರೆ ಉಟ್ಟಿದ್ದರು. ಹಡಗುಕಟ್ಟೆಯ ಕಡೆ ಯಾರೂ ಇರಲಿಲ್ಲ. ಆಚೆಯ ದಡ ಕಾಣುತ್ತದೇನೋ ಎಂದು ನಾನು ತುದಿಗಾಲಲ್ಲಿ ನಿಂತೆ. ಅಲ್ಲಿಂದ ಅದು ಕಾಣುವುದಿಲ್ಲ, ನನಗೆ ಗೊತ್ತಿತ್ತು. ಆದರೂ ಅತ್ತ ಇತ್ತ ಓಡಾಡಿ ನೋಡಿದೆ. ಬಂದು ಮರಳಿನ ಮೇಲೆ ಅವರ ಪಕ್ಕ ಕುಸಿದೆ.

"ತಪ್ಪಾಯ್ತು ಅತ್ತೆ. ಅವತ್ತು ಕಪ್ಪೆ ಅಂದುಬಿಟ್ಟೆ."

"ಕಪ್ಪೆ ಅಂದಿದ್ದಕ್ಕಲ್ಲ ಕಣೇ. ಅದಕ್ಕೇನು, ಅನ್ನು. ನೀವು ಎಲ್ಲಿಗೂ ಹೋಗೋರಲ್ಲ ಅಂದ್ಯಲ್ಲ, ಅದು ಉರೀತು." ಹೇಳಿ ಗಂಟಿನಿಂದ ಕಾಯಿ ತೆಗೆದರು. "ಸಮುದ್ರಕ್ಕೆ ಬುಡಾಣ ಅಂತ ತಂದಿದ್ದೆ, ಹಡಗಿನ ಮೇಲಿಂದ." ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗಿಟ ಗಿಟ ಅಂದಿತು.

ನೀರಿನ ಅಂಚಿಗೆ ಹೋಗಿ ಬಿಟ್ಟರು. ಅಲೆ ಅದನ್ನು ಸ್ವಲ್ಪ ದೂರ ಒಯ್ದು, ತಿರುಗಿ ತಂದು ಅವರ ಕಾಲ ಬುಡದಲ್ಲೇ ಹಾಕಿತು. ಇನ್ನೊಮ್ಮೆ ಬಿಟ್ಟರು, ಇನ್ನೊಮ್ಮೆ ಬಂತು.

"ನಿನ್ನಂಗೇ ಕಣೇ ಇದು. ಹೋಗೋದೂ ಇಲ್ಲ, ಇದ್ದಲ್ಲಿ ಇರೋದೂ ಇಲ್ಲ. ತಗೋ, ನೀನೇ ಬುಡು."

ನಾನು ಸೀರೆ ಎತ್ತಿ ಕಟ್ಟಿ, ಮೊಳಕಾಲು ಮುಳುಗುವಷ್ಟು ನೀರಿಗೆ ಇಳಿದು, ಇದ್ದ ಬಲವೆಲ್ಲ ಹಾಕಿ ಎಸೆದೆ. ಅದು ಮುಳುಗಿ, ಎದ್ದು, ತೇಲುತ್ತಾ ಹೋಯಿತು. ಕಪ್ಪು ಚುಕ್ಕೆಯಾಗುವವರೆಗೆ ಇಬ್ಬರೂ ನೋಡಿದೆವು. ಆಮೇಲೆ ಚುಕ್ಕೆಯೂ ಕಾಣಲಿಲ್ಲ.

ಅತ್ತೆ ಮರಳಿನ ಮೇಲೆ ಕಾಲು ಚಾಚಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು.

"ಈಗ ಎಲ್ಲಿಗೆ ಬಂದ್ವಿ?"

ನಾನು ನೀರನ್ನೇ ನೋಡುತ್ತಾ ಹೇಳಿದೆ. "ತಲೈಮನ್ನಾರ್, ಅತ್ತೆ. ಹಡಗು ಇಳಿದ್ವಿ. ಪಕ್ಕದಲ್ಲೇ ರೈಲು ನಿಂತಿದೆ."

"ಹೂಂ. ಆಮೇಲೆ?"

"ಅನುರಾಧಪುರ. ಆಮೇಲೆ ಪೊಲ್ಗಹವೆಲ. ಅಲ್ಲಿ ಇಳಿದು ಗಾಡಿ ಬದಲಾಯಿಸಬೇಕು."

"ನಮ್ಮ ಪೊಲ್ಗಾವಲ! ಅಲ್ಲಿ ಎಷ್ಟೊತ್ತು ನಿಲ್ತದೆ?"

"ನಲವತ್ತು ನಿಮಿಷ."

"ಹಂಗಾರೆ ಟೈಮೈತೆ. ಬುತ್ತಿ ಬಿಚ್ಚು" ಎಂದರು ಅತ್ತೆ. ನಾನು ಬಿಚ್ಚಿದೆ.